ಪ್ರಾಗ್‌ನಲ್ಲಿ ಒಂದೇ ದಿನ, ಅಪ್ಪ ಅಮ್ಮನ ಜೊತೆ ನಡೆದು ನೋಡೋದು ಹೇಗೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಕೆಲಸದಲ್ಲಿದ್ದೇನೆ. ಶಿವಮೊಗ್ಗದಿಂದ ಅಪ್ಪ, ಅಮ್ಮ, ತಂಗಿ ಬಂದಿದ್ದಾರೆ. ಸೆಪ್ಟೆಂಬರ್ ಕೊನೆಗೆ ಅವರನ್ನು ಪ್ರಾಗ್‌ಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಶುಕ್ರವಾರ ರಾತ್ರಿ ಹೋಗಿ ಉಳಿಯೋದು, ಶನಿವಾರ ಇಡೀ ದಿನ ಸುತ್ತೋದು, ಭಾನುವಾರ ಬೆಳಗ್ಗೆ ವಾಪಸ್. ಕೈಯಲ್ಲಿರೋದು ಒಂದೇ ದಿನ.

ಅಪ್ಪನಿಗೆ 71. ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು, ಈಗಲೂ ದಿನಾ ಬೆಳಗ್ಗೆ ವಾಕಿಂಗ್ ಹೋಗುತ್ತಾರೆ. ಅಮ್ಮನಿಗೆ ಮಂಡಿ ನೋವು. ಸಮತಟ್ಟಾದ ಜಾಗದಲ್ಲಿ ನಿಧಾನಕ್ಕೆ ನಡೆಯುತ್ತಾರೆ, ಮೆಟ್ಟಿಲು ಇಳಿಯೋದೇ ಕಷ್ಟ. ಊಟ ಸಸ್ಯಾಹಾರ, ಅಮ್ಮ ಮೊಟ್ಟೆಯನ್ನೂ ಮುಟ್ಟಲ್ಲ. ನಾನು ಮಾಡಿಟ್ಟ ಪಟ್ಟಿಯಲ್ಲಿ ಇಪ್ಪತ್ತು ಜಾಗಗಳಿವೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಮಳೆಕಾಡು

ಆರು ವರ್ಷ ಪ್ರಾಗ್‌ನಲ್ಲಿದ್ದೆ. ಎಷ್ಟೋ ಜನ ನೆಂಟರನ್ನು ಸುತ್ತಾಡಿಸಿದ್ದೇನೆ. ಆ ಅನುಭವದಿಂದ ಹೇಳ್ತೀನಿ.

ಮೊದಲನೇ ಮಾತು, ಶನಿವಾರ ಬೇಡ. ಯೋಸೆಫೋವ್ ಅನ್ನೋ ಹಳೇ ಯಹೂದಿ ಕೇರಿಯ ಸಿನಗಾಗ್‌ಗಳು (ಯಹೂದಿಗಳ ಪ್ರಾರ್ಥನಾ ಮಂದಿರಗಳು), ಸ್ಮಶಾನ ಎಲ್ಲ ಶನಿವಾರ ಮುಚ್ಚಿರುತ್ತವೆ. ಭಾನುವಾರ ಬೆಳಗ್ಗೆ ಕೋಟೆಯೊಳಗಿನ ದೊಡ್ಡ ಚರ್ಚ್‌ನಲ್ಲಿ ಪ್ರಾರ್ಥನೆ ಇರುತ್ತೆ, ನೋಡಲು ಬಂದವರನ್ನು ಮಧ್ಯಾಹ್ನದ ಮೇಲೆ ಬಿಡುತ್ತಾರೆ. ಆಫೀಸಿಗೆ ಒಂದು ದಿನ ರಜೆ ಹಾಕಲು ಆಗುವುದಾದರೆ ಗುರುವಾರ ರಾತ್ರಿಯೇ ಹೋಗಿ, ಶುಕ್ರವಾರ ಸುತ್ತಿ.

ಎರಡನೇದು, ಮೇಲಿಂದ ಶುರು ಮಾಡಿ. ಪ್ರಾಗ್ ಕೋಟೆ ಗುಡ್ಡದ ಮೇಲಿದೆ. ಜಾಸ್ತಿ ಜನ ನದಿ ಕಡೆಯಿಂದ ಹತ್ತಿ, ಮೇಲೆ ಬರೋಷ್ಟರಲ್ಲಿ ಸುಸ್ತಾಗಿರುತ್ತಾರೆ. ನೀವು 22ನೇ ನಂಬರ್ ಟ್ರಾಮ್ ಹತ್ತಿ ಪೋಹೋರ್ಜೆಲೆಟ್ಸ್ ಸ್ಟಾಪಿನಲ್ಲಿ ಇಳಿಯಿರಿ. ಅದು ಕೋಟೆಗಿಂತ ಎತ್ತರದಲ್ಲಿದೆ. ಅಲ್ಲಿಂದ ಕೋಟೆ ಬಾಗಿಲವರೆಗೆ ಮೆಲ್ಲಗೆ ಇಳಿಜಾರು. ಟ್ರಾಮ್ ಟಿಕೆಟ್ ಕಾಗದದ್ದಾದರೆ ಹತ್ತಿದ ಕೂಡಲೇ ಯಂತ್ರಕ್ಕೆ ಹಾಕಿ ಮುದ್ರೆ ಒತ್ತಿಸಿ. ಮುದ್ರೆ ಇಲ್ಲದಿದ್ದರೆ ಟಿಕೆಟ್ ಇದ್ದೂ ಇಲ್ಲದ ಹಾಗೆ, ದಂಡ ಬೀಳುತ್ತೆ.

ಮೂರನೇದು ನಿಮ್ಮ ಅಪ್ಪನಿಗೋಸ್ಕರ. ಇಪ್ಪತ್ತು ಜಾಗದ ಪಟ್ಟಿ ಬಿಡಿ. ಒಂದೇ ಒಂದು ಕಥೆ ಹಿಡಿದು ನಡೆಯಿರಿ. ಆ ಕಥೆ ಕೋಟೆಯ ಒಂದು ಕಿಟಕಿಯಲ್ಲಿ ಶುರುವಾಗುತ್ತೆ, ಸೇತುವೆ ದಾಟಿ ಹಳೇ ಪೇಟೆಯ ಚೌಕಕ್ಕೆ ಬರುತ್ತೆ.

1618ರ ಮೇ 23. ತಮ್ಮ ಚರ್ಚ್‌ಗಳನ್ನು ಮುಚ್ಚಿಸಿದರು ಅಂತ ಸಿಟ್ಟಾದ ಬೊಹೆಮಿಯಾದ (ಆಗಿನ ಚೆಕ್ ರಾಜ್ಯದ) ಪ್ರಾಟೆಸ್ಟೆಂಟ್ ಪ್ರಮುಖರು ಕೋಟೆಗೆ ನುಗ್ಗಿದರು. ಕ್ಯಾಥೋಲಿಕ್ ದೊರೆಯ ಇಬ್ಬರು ಅಧಿಕಾರಿಗಳನ್ನೂ ಒಬ್ಬ ಗುಮಾಸ್ತನನ್ನೂ ಹಿಡಿದು ಕಿಟಕಿಯಿಂದ ಆಚೆ ಎಸೆದರು. ಸುಮಾರು 21 ಮೀಟರ್ ಕೆಳಕ್ಕೆ. ಮೂವರೂ ಬದುಕಿದರು. ಮಾತೆ ಮೇರಿಯೇ ಕಾಪಾಡಿದಳು ಅಂತ ಒಂದು ಪಕ್ಷ, ತಿಪ್ಪೆ ಮೇಲೆ ಬಿದ್ದರು ಅಂತ ಇನ್ನೊಂದು ಪಕ್ಷ. ಅಲ್ಲಿಂದ ಹೊತ್ತಿಕೊಂಡ ಯುದ್ಧ ಯುರೋಪನ್ನು ಮೂವತ್ತು ವರ್ಷ ಸುಟ್ಟಿತು. ಆ ಕಿಟಕಿ ಹಳೇ ಅರಮನೆಯಲ್ಲಿ ಇವತ್ತಿಗೂ ಇದೆ. ಕೆಳಗಿನ ತೋಟದಲ್ಲಿ, ಅವರು ಬಿದ್ದ ಜಾಗಕ್ಕೆ ಗುರುತಿನ ಕಲ್ಲುಕಂಬಗಳೂ ಇವೆ.

ಮುಂದೆ 1620ರ ನವೆಂಬರ್ 8ರಂದು ಊರಾಚೆಯ ಬಿಳಿ ಬೆಟ್ಟದ ಕಾಳಗದಲ್ಲಿ ದಂಗೆಯೆದ್ದವರು ಸೋತರು. 1621ರ ಜೂನ್ 21ರಂದು ಹಳೇ ಪೇಟೆಯ ಚೌಕದಲ್ಲಿ 27 ಮುಖಂಡರಿಗೆ ಮರಣದಂಡನೆ ಆಯಿತು. ಪುರಭವನದ ಗೋಡೆ ಪಕ್ಕ ನೆಲದ ಕಲ್ಲಿನಲ್ಲಿ 27 ಬಿಳಿ ಶಿಲುಬೆಗಳಿವೆ, ನೋಡಿ. ಅವರಲ್ಲಿ ಹನ್ನೆರಡು ಜನರ ತಲೆಗಳನ್ನು ಚಾರ್ಲ್ಸ್ ಸೇತುವೆಯ ಗೋಪುರಕ್ಕೆ ತೂಗುಹಾಕಿದರು. ಹತ್ತು ವರ್ಷ ಅಲ್ಲೇ ಇದ್ದವು. ಅದೇ ಗೋಪುರದ ಹತ್ತಿರ 1648ರಲ್ಲಿ ಸ್ವೀಡನ್ ಸೈನ್ಯವನ್ನು ವಿದ್ಯಾರ್ಥಿಗಳೂ ಊರ ಜನರೂ ಸೇರಿ ತಡೆದರು. ಆ ವರ್ಷವೇ ಯುದ್ಧ ಮುಗಿಯಿತು. ಗೋಪುರದ ಪೇಟೆ ಕಡೆಯ ಮುಖದ ತುಂಬ ಶಿಲ್ಪಗಳಿವೆ. ನದಿ ಕಡೆಯ ಮುಖ ಬೋಳು. ಸ್ವೀಡನ್ನರ ಗುಂಡು ಬಿದ್ದದ್ದು ಆ ಕಡೆಗೇ.

ಈ ಮೂರು ಜಾಗಗಳ ನಡುವೆ ಎರಡು ಕಿಲೋಮೀಟರ್ ಆಗಬಹುದು, ಅಷ್ಟೇ. ದಾರಿಯಲ್ಲಿ ಮಿಕ್ಕಿದ್ದೆಲ್ಲ ತಾನಾಗೇ ಸಿಗುತ್ತೆ.

ಬಯಲುಸೀಮೆ

ಮಳೆಕಾಡು ಅವರೇ, ಮಾತು ಚೆನ್ನಾಗಿದೆ. ಆದರೆ ಅಷ್ಟು ದೂರದಿಂದ ಬಂದವರಿಗೆ ಸ್ಟ್ರಾಹೋವ್ ಮಠದ ಗ್ರಂಥಾಲಯ ಬಿಡಿ ಅಂತ ಹೇಳೋದು ನ್ಯಾಯವಾ? ಪೆಟ್ರ್ಜೀನ್ ಗುಡ್ಡದ ಗೋಪುರ? ನಾವು ಹೋದಾಗ ಒಂದೇ ದಿನದಲ್ಲಿ ಹದಿನಾಲ್ಕು ಜಾಗ ನೋಡಿದ್ದೆವು.

ಮಳೆಕಾಡು

ಬಯಲುಸೀಮೆ ಅವರೇ, ವಯಸ್ಸಿನವರಿಗೆ ಹದಿನಾಲ್ಕು ಆಗಲ್ಲ. ಪೆಟ್ರ್ಜೀನ್ ಗೋಪುರ 1891ರದ್ದು, ಹತ್ತಲು ಮೆಟ್ಟಿಲು ಬಹಳ. ಅದನ್ನು ಧಾರಾಳವಾಗಿ ಬಿಡಬಹುದು. ಸ್ಟ್ರಾಹೋವ್ ಗ್ರಂಥಾಲಯ ನಿಜಕ್ಕೂ ಸುಂದರ, ನಾನೂ ಒಪ್ಪುತ್ತೇನೆ. ಆದರೆ ಸಾಮಾನ್ಯ ಟಿಕೆಟ್‌ನಲ್ಲಿ ಬಾಗಿಲ ಹತ್ತಿರ ನಿಂತು ಒಳಗೆ ಇಣುಕಬೇಕು ಅಷ್ಟೇ. ಮಠದ ಹಿಂದಿನ ಬಯಲಿನಿಂದ ಕಾಣುವ ಊರಿನ ನೋಟಕ್ಕೆ ಮಾತ್ರ ಹತ್ತು ನಿಮಿಷ ಕೊಡಿ. ಟ್ರಾಮ್ ಸ್ಟಾಪಿಗೆ ಹತ್ತಿರವೇ ಇದೆ.

ಅಮ್ಮನ ಮಂಡಿ ವಿಷಯಕ್ಕೆ ಒಂದು ಮಾತು. ಕೋಟೆ ನೋಡಿ ಆದಮೇಲೆ ಕೆಳಗಿಳಿಯೋ ನೆರುಡೋವಾ ಬೀದಿ ಕಡಿದಾಗಿದೆ, ನೆಲ ಪೂರ್ತಿ ಗುಂಡುಕಲ್ಲು. ಅಮ್ಮನೂ ತಂಗಿಯೂ ಕೋಟೆ ಪಕ್ಕದ ಸ್ಟಾಪಿನಲ್ಲಿ ಮತ್ತೆ 22 ಹತ್ತಿ ಮಾಲೋಸ್ಟ್ರಾನ್ಸ್ಕೆ ಚೌಕದಲ್ಲಿ ಇಳಿಯಲಿ. ನೀವು, ಅಪ್ಪ ನಡೆದು ಬನ್ನಿ.

ಹುಬ್ಬಳ್ಳಿ ಹುಡುಗಿ

ದುಡ್ಡಿನ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನ್ರೀ. ಚೆಕ್ ದೇಶ ಯುರೋಪಿಯನ್ ಒಕ್ಕೂಟದಲ್ಲಿದೆ, ಆದರೆ ಅಲ್ಲಿ ನಡೆಯೋದು ಕೊರುನಾ, ಯೂರೋ ಅಲ್ಲ. ನಾನು ಹಳೇ ಪೇಟೆಯ ಒಂದು ಅಂಗಡಿಯಲ್ಲಿ 100 ಯೂರೋ ಬದಲಾಯಿಸಿದೆ. "ಕಮಿಷನ್ ಇಲ್ಲ" ಅಂತ ದೊಡ್ಡ ಬೋರ್ಡ್ ಇತ್ತು. ಕೈಗೆ ಬಂದದ್ದು ನ್ಯಾಯವಾಗಿ ಬರಬೇಕಾದ್ದಕ್ಕಿಂತ ಬಹಳ ಕಡಿಮೆ. ಬೋರ್ಡ್ ಮೇಲಿದ್ದ ದರ ದೊಡ್ಡ ಮೊತ್ತ ಬದಲಾಯಿಸುವವರಿಗೆ ಮಾತ್ರ ಅಂತೆ. ಹೊರಗೆ ಬಂದು ಲೆಕ್ಕ ಹಾಕಿದಾಗ ಅಳು ಬಂತು.

ಆಮೇಲೆ ಗೊತ್ತಾಯಿತು, ಅಂಗಡಿಯಲ್ಲಿ ಬದಲಾಯಿಸಿದ ದುಡ್ಡನ್ನು 3 ಗಂಟೆಯೊಳಗೆ ರಸೀದಿ ತೋರಿಸಿ ವಾಪಸ್ ಪಡೆಯೋ ಕಾನೂನು ಅಲ್ಲಿ 2019ರಿಂದ ಇದೆ. ನಮಗೆ ಆಗ ಗೊತ್ತಿರಲಿಲ್ಲ. ಬೀದಿಯಲ್ಲಿ ಹತ್ತಿರ ಬಂದು "ಒಳ್ಳೇ ದರ ಕೊಡ್ತೀನಿ" ಅನ್ನುವವರ ಹತ್ತಿರವಂತೂ ನಿಲ್ಲಲೇ ಬೇಡಿ. ಬೇರೆ ದೇಶದ ಚಲಾವಣೆ ಇಲ್ಲದ ನೋಟು ಕೈಗಿಟ್ಟು ಹೋಗ್ತಾರೆ. ಬಹುತೇಕ ಎಲ್ಲ ಕಡೆ ಕಾರ್ಡ್ ನಡೆಯುತ್ತೆ. ಶೌಚಾಲಯಕ್ಕೆ ಮಾತ್ರ ಒಂದಷ್ಟು ಚಿಲ್ಲರೆ ಇಟ್ಟುಕೊಳ್ಳಿ.

ಪಂಚಾಂಗ ಪ್ರಿಯ

ಹಳೇ ಪೇಟೆಯ ಚೌಕಕ್ಕೆ ಹೋದಾಗ ದಯವಿಟ್ಟು ಪುರಭವನದ ಗೋಡೆಯಲ್ಲಿರೋ ಖಗೋಳ ಗಡಿಯಾರಕ್ಕೆ ಅರ್ಧ ಗಂಟೆ ಕೊಡಿ. ಬೆಳಗ್ಗೆ 9ರಿಂದ ಪ್ರತಿ ಗಂಟೆಗೆ ಗೊಂಬೆಗಳು ಬರುತ್ತವೆ. ಅಸ್ಥಿಪಂಜರ ಗಂಟೆ ಎಳೆಯುತ್ತೆ, ಮೇಲಿನ ಕಿಟಕಿಗಳಲ್ಲಿ ಯೇಸುವಿನ ಹನ್ನೆರಡು ಶಿಷ್ಯರು ಹಾದುಹೋಗುತ್ತಾರೆ, ಕೊನೆಗೆ ಕೋಳಿ ಕೂಗುತ್ತೆ. ಎಲ್ಲರೂ ಅದನ್ನೇ ವಿಡಿಯೋ ಮಾಡಿಕೊಂಡು ಹೊರಟುಬಿಡುತ್ತಾರೆ. ನಿಜವಾಗಿ ನೋಡಬೇಕಾದ್ದು ಜನ ಕರಗಿದ ಮೇಲೆ.

ನಮ್ಮ ಮನೆಗಳಲ್ಲಿ ಪಂಚಾಂಗ ನೋಡಿ ಬೆಳೆದವರಿಗೆ ಆ ಗಡಿಯಾರ ಬೇಗ ಅರ್ಥವಾಗುತ್ತೆ. 1410ರಲ್ಲಿ ಕಡಾನ್ ಊರಿನ ಮಿಕುಲಾಶ್ ಅನ್ನೋ ಕುಶಲಕರ್ಮಿ ಮಾಡಿದ್ದು. ಅದರಲ್ಲಿ ಹನ್ನೆರಡು ರಾಶಿಗಳ ಒಂದು ಬಳೆ ಇದೆ, ಅದು ತಿರುಗುತ್ತಿರುತ್ತೆ. ಚಿನ್ನದ ಸೂರ್ಯ ಆ ಬಳೆಯ ಮೇಲೆ ಎಲ್ಲಿ ಕೂತಿದ್ದಾನೋ ಅದು ಆ ದಿನದ ಸೂರ್ಯರಾಶಿ. ಇನ್ನೊಂದು ಮುಳ್ಳಿಗೆ ಚಂದ್ರನ ಗುಂಡು ಸಿಕ್ಕಿಸಿದ್ದಾರೆ. ಅರ್ಧ ಬೆಳ್ಳಿ, ಅರ್ಧ ಕಪ್ಪು. ಅದು ತನ್ನಷ್ಟಕ್ಕೆ ತಿರುಗುತ್ತಾ ಶುಕ್ಲಪಕ್ಷವೋ ಕೃಷ್ಣಪಕ್ಷವೋ ತೋರಿಸುತ್ತೆ. ಶತಮಾನಗಳ ಹಿಂದೆ ಹಾಕಿದ ಲೆಕ್ಕ ಇದು!

ಒಂದು ವ್ಯತ್ಯಾಸ ನೆನಪಿರಲಿ. ಅವರದು ಸಾಯನ ಲೆಕ್ಕ (ವಿಷುವದಿಂದ ಎಣಿಸೋದು), ನಮ್ಮದು ನಿರಯನ (ನಕ್ಷತ್ರಗಳನ್ನು ಹಿಡಿದು ಎಣಿಸೋದು). ಅಲ್ಲಿ ಸೂರ್ಯ ಮೇಷಕ್ಕೆ ಬರುವುದು ಮಾರ್ಚ್ 21ರ ಹೊತ್ತಿಗೆ, ನಮ್ಮಲ್ಲಿ ಏಪ್ರಿಲ್ 14ಕ್ಕೆ.

ಹೊರಗಿನ ಕಪ್ಪು ಬಳೆಯಲ್ಲಿ ಹಳೇ ಅಕ್ಷರದಲ್ಲಿ 1ರಿಂದ 24ರವರೆಗೆ ಅಂಕಿಗಳಿವೆ. ಅದು ಹಳೇ ಚೆಕ್ ಕಾಲ. ಅಲ್ಲಿ ದಿನ ಮುಗಿಯುವುದು ಸೂರ್ಯ ಮುಳುಗಿದಾಗ. ನಮ್ಮ ಹಿರಿಯರು ಸೂರ್ಯೋದಯದಿಂದ ಘಳಿಗೆ ಎಣಿಸುತ್ತಿದ್ದರು, ಇವರು ಸೂರ್ಯಾಸ್ತದಿಂದ ಗಂಟೆ ಎಣಿಸುತ್ತಿದ್ದರು. ನಿಮ್ಮ ಅಪ್ಪನಿಗೆ ಇದು ತುಂಬಾ ಹಿಡಿಸುತ್ತೆ.

ಇನ್ನೊಂದು. ಇಂಥದ್ದನ್ನು ಬೇರೆ ಯಾರಿಗೂ ಮಾಡಿಕೊಡಬಾರದು ಅಂತ ಗಡಿಯಾರ ಮಾಡಿದವನ ಕಣ್ಣು ಕೀಳಿಸಿದರು ಅನ್ನೋ ಕಥೆ ಅಲ್ಲಿ ಎಲ್ಲರೂ ಹೇಳ್ತಾರೆ. ತಾಜ್ ಮಹಲ್ ಕಟ್ಟಿದವರ ಕೈ ಕಡಿಸಿದರು ಅಂತ ನಮ್ಮಲ್ಲಿ ಹೇಳೋ ಹಾಗೆ. ಅದು ಬರೀ ಕಟ್ಟುಕಥೆ.

ಕಿತ್ತಳೆ ತೋಟ

ಊಟಕ್ಕೆ: "ಬೆಜ್ ಮಸಾ" ಅಂದ್ರೆ ಮಾಂಸ ಇಲ್ಲದ್ದು. ಸೂಪ್ ಬಗ್ಗೆ ಹುಷಾರು, ತರಕಾರಿಯದು ಅಂದರೂ ಒಮ್ಮೊಮ್ಮೆ ಮಾಂಸ ಕುದಿಸಿದ ನೀರಿನಲ್ಲಿ ಮಾಡಿರುತ್ತಾರೆ. ಬ್ರಾಂಬೊರಾಕ್ ಅಂತ ಆಲೂಗಡ್ಡೆ ತುರಿದು ಹಂಚಿನ ಮೇಲೆ ಬೇಯಿಸೋ ರೊಟ್ಟಿ ಸಿಗುತ್ತೆ. ಅಪ್ಪ ತಿನ್ನಬಹುದು, ಆದರೆ ಅದರಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತೆ, ಕೆಲವು ಕಡೆ ಹಂದಿ ಕೊಬ್ಬಿನಲ್ಲಿ ಕರಿಯುತ್ತಾರೆ, ಕೇಳಿ ತಗೊಳ್ಳಿ. ಅಮ್ಮನಿಗೆ ಬುತ್ತಿ ಕಟ್ಟಿಕೊಂಡು ಹೋಗೋದೇ ಒಳ್ಳೇದು. ನಲ್ಲಿ ನೀರು ಕುಡಿಯಬಹುದು, ಬಾಟಲಿ ತುಂಬಿಸಿಕೊಳ್ಳಿ.

ಶೂ ಬಗ್ಗೆಯೂ ಒಂದು ಮಾತು. ಅಡಿ ದಪ್ಪ ಇರೋ ಹಳೇ ಶೂ ಹಾಕಿಸಿ. ಹೊಸ ಶೂ ಬೇಡವೇ ಬೇಡ. ಗುಂಡುಕಲ್ಲಿನ ನೆಲದಲ್ಲಿ ತೆಳ್ಳಗಿನ ಚಪ್ಪಲಿ ಹಾಕಿ ನಡೆದರೆ ಮಧ್ಯಾಹ್ನದೊಳಗೆ ಅಂಗಾಲು ಉರಿಯುತ್ತೆ.

ತುಂಗಾತೀರ

ಎಲ್ಲರಿಗೂ ಮನಸಾರೆ ಧನ್ಯವಾದ. ಹೋಗಿ ಬಂದೆವು. ರಜೆ ಹಾಕಿ ಶುಕ್ರವಾರವೇ ಸುತ್ತಿದೆವು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಮುಂದೆ ಹೋಗುವವರಿಗೆ ಉಪಯೋಗ ಆಗಲಿ.

ಬೆಳಗ್ಗೆ ಎಂಟೂವರೆಗೆ ಪೋಹೋರ್ಜೆಲೆಟ್ಸ್‌ನಲ್ಲಿ ಇಳಿದೆವು. ಮಠದ ಹಿಂದಿನ ಬಯಲಿನಲ್ಲಿ ನಿಂತಾಗ ಊರ ಮೇಲೆ ಮಂಜು. ಕೆಂಪು ಹೆಂಚಿನ ಮನೆಗಳು ಒಂದೊಂದೇ ಮೇಲೆದ್ದು ಬಂದ ಹಾಗೆ ಕಂಡವು. "ತೀರ್ಥಹಳ್ಳಿ ಕಡೆಯ ಬೆಳಗಿನ ಹಾಗಿದೆ" ಅಂದರು ಅಮ್ಮ.

ಕೋಟೆಯೊಳಗಿನ ಸೇಂಟ್ ವಿಟಸ್ ಚರ್ಚ್ ಅಪ್ಪನನ್ನು ಹಿಡಿದು ನಿಲ್ಲಿಸಿತು. 1344ರಲ್ಲಿ ಶುರುವಾದ ಕೆಲಸ ಮುಗಿದದ್ದು 1929ರಲ್ಲಿ. ನಡುವೆ ಹುಸ್ಸೈಟ್ ಯುದ್ಧಗಳು (15ನೇ ಶತಮಾನದ ಧಾರ್ಮಿಕ ಯುದ್ಧಗಳು) ಬಂದು ಕೆಲಸ ನಿಂತೇಹೋಗಿತ್ತು. ಅಷ್ಟು ತಲೆಮಾರು ಜನ ಅರ್ಧ ಕಟ್ಟಿದ ಚರ್ಚಿನಲ್ಲೇ ಪ್ರಾರ್ಥನೆ ಮಾಡಿಕೊಂಡು ಬಂದರಲ್ಲ ಅಂತ ಅಪ್ಪ ಎರಡು ಸಲ ಹೇಳಿದರು. ಎಡಗಡೆ ಆಲ್ಫೋನ್ಸ್ ಮುಖಾ ಅನ್ನೋ ಚೆಕ್ ಕಲಾವಿದರ ಬಣ್ಣದ ಗಾಜಿನ ಕಿಟಕಿ ಇದೆ. ಬಲಗಡೆಯ ಕಿಟಕಿಗಳಿಂದ ಒಂಬತ್ತೂವರೆ ಬಿಸಿಲಿಗೆ ನೆಲದ ಮೇಲೆ ನೀಲಿ, ಹಳದಿ ಚೆಲ್ಲಿತ್ತು. ಅಮ್ಮ ಆ ಬಣ್ಣದಲ್ಲಿ ಕೈ ಇಟ್ಟು ನೋಡಿದರು.

ಆಮೇಲೆ ಆ ಕಿಟಕಿ. ಕೋಣೆ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಗೋಡೆ ಬಹಳ ದಪ್ಪ, ಕಿಟಕಿ ಅದರೊಳಗೆ ಹೂತ ಹಾಗಿದೆ. ಒಬ್ಬ ಮನುಷ್ಯನನ್ನು ಅಲ್ಲಿಂದ ಆಚೆ ತಳ್ಳಬೇಕಾದರೆ ನಾಲ್ಕಾರು ಜನ ಎತ್ತಿಯೇ ಹಾಕಿರಬೇಕು. ಮೂವತ್ತು ವರ್ಷ ಅಪ್ಪ ತರಗತಿಯಲ್ಲಿ "ಮೂವತ್ತು ವರ್ಷಗಳ ಯುದ್ಧ, 1618ರಿಂದ 1648" ಅಂತ ಬೋರ್ಡಿನ ಮೇಲೆ ಬರೆದವರು. ಕಿಟಕಿಯ ಕಲ್ಲಿನ ಅಂಚಿನ ಹತ್ತಿರ ಬಂದು ಸುಮ್ನೆ ನಿಂತರು. ಕಣ್ಣು ಒದ್ದೆಯಾಗಿತ್ತು. "ಪುಸ್ತಕದಲ್ಲಿ ಒಂದೇ ಸಾಲು ಕಣೋ ಇದು" ಅಂದರು. ನಾನು ಮಾತಾಡಲಿಲ್ಲ. ತೋಟಕ್ಕೆ ಇಳಿದು ಗುರುತಿನ ಕಂಬವನ್ನೂ ನೋಡಿದೆವು. ಅಲ್ಲಿಂದ ತಲೆಯೆತ್ತಿ ನೋಡಿದರೆ ಎತ್ತರ ಭಯ ಹುಟ್ಟಿಸುತ್ತೆ.

ಅಮ್ಮ, ತಂಗಿ ಟ್ರಾಮ್ ಹತ್ತಿದರು. ನಾನು, ಅಪ್ಪ ನೆರುಡೋವಾ ಬೀದಿ ಇಳಿದೆವು. ಇದನ್ನು ಯಾರೂ ಹೇಳಿರಲಿಲ್ಲ, ನಾನು ಹೇಳ್ತೀನಿ: ಬಾಗಿಲುಗಳ ಮೇಲೆ ನೋಡಿ. ಪ್ರತಿ ಮನೆಗೂ ಎರಡು ನಂಬರ್. ಒಂದು ಕೆಂಪು ಫಲಕ, ಒಂದು ನೀಲಿ. ನೀಲಿ ಫಲಕ ಬೀದಿಯ ಉದ್ದಕ್ಕೆ ಸಾಲಾಗಿ ಹೋಗುತ್ತೆ. ಕೆಂಪು ನಂಬರಿನ ಪದ್ಧತಿ ಶುರುವಾದದ್ದು ಮರಿಯಾ ತೆರೇಸಾ ರಾಣಿಯ ಕಾಲದಲ್ಲಿ, 1770ರಲ್ಲಿ. ಅದಕ್ಕೂ ಮೊದಲು ಮನೆಗೆ ನಂಬರೇ ಇರಲಿಲ್ಲ, ಗುರುತು ಇತ್ತು. ಮೂರು ಪಿಟೀಲು ಇರೋ ಮನೆ, ಕೆಂಪು ಕುರಿಮರಿ ಮನೆ, ಎರಡು ಸೂರ್ಯರ ಮನೆ. ಎರಡು ಸೂರ್ಯರ ಮನೆಯಲ್ಲಿ ಯಾನ್ ನೆರುಡಾ ಅನ್ನೋ ಲೇಖಕರು ಇದ್ದರು, ಬೀದಿಗೆ ಅವರದೇ ಹೆಸರು. ಪಿಟೀಲಿನ ಮನೆಯಲ್ಲಿ ನಿಜವಾಗಿಯೂ ಪಿಟೀಲು ಮಾಡುವವರು ಇದ್ದರಂತೆ. ನಮ್ಮೂರಲ್ಲಿ "ಹಲಸಿನಮರದ ಮನೆ", "ಹೆಬ್ಬಾಗಿಲ ಮನೆ" ಅಂತೀವಲ್ಲ, ಅದೇ ಥರ.

ಚಾರ್ಲ್ಸ್ ಸೇತುವೆ ಅರ್ಧ ಕಿಲೋಮೀಟರ್ ಉದ್ದ, ಸಮತಟ್ಟು. ಅಮ್ಮ ಆರಾಮಾಗಿ ನಡೆದರು. 1357ರಲ್ಲಿ ಅಡಿಗಲ್ಲು ಹಾಕಿದ್ದು. 1841ರವರೆಗೂ ಊರಿಗೆ ಇದೊಂದೇ ಸೇತುವೆ. ಮೂವತ್ತು ಪ್ರತಿಮೆಗಳಲ್ಲಿ ಜನ ಮುತ್ತಿಕೊಳ್ಳೋದು ನೆಪೊಮುಕ್‌ನ ಸಂತ ಯಾನ್ ಹತ್ತಿರ. 1393ರಲ್ಲಿ ದೊರೆಯ ಆಜ್ಞೆಯಿಂದ ಅವರ ದೇಹವನ್ನು ಈ ನದಿಗೆ ಎಸೆದರು. ಪ್ರತಿಮೆಯ ಬುಡದಲ್ಲಿ ಎರಡು ಲೋಹದ ಫಲಕಗಳಿವೆ. ಫಲಕವೆಲ್ಲ ಕಪ್ಪು, ಜನ ಮುಟ್ಟೋ ಜಾಗ ಮಾತ್ರ ಚಿನ್ನದ ಹಾಗೆ ಹೊಳೆಯುತ್ತೆ. ಒಂದರಲ್ಲಿ ನಾಯಿ, ಇನ್ನೊಂದರಲ್ಲಿ ನೀರಿಗೆ ಬೀಳುತ್ತಿರುವ ಸಂತ. ದೇವಸ್ಥಾನದ ಹಿತ್ತಾಳೆ ಹೊಸ್ತಿಲು ಕೈ ತಾಗಿ ತಾಗಿ ಹೊಳೆಯುತ್ತಲ್ಲ, ಹಾಗೆ. ಅಮ್ಮನೂ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಗೋಪುರದ ಬೋಳು ಮುಖವನ್ನು ಅಪ್ಪನೇ ಮೊದಲು ಗುರುತಿಸಿದರು.

ಊಟಕ್ಕೆ ಕೂತಾಗ ಅಪ್ಪ ಬ್ರಾಂಬೊರಾಕ್ ತರಿಸಿದರು. ಅಮ್ಮ ಬುತ್ತಿಯ ಚಪಾತಿ ಬಿಚ್ಚುತ್ತಿದ್ದವರು ತಲೆಯೆತ್ತಿ, "ಇದು ಮರುಗ ಅಲ್ವಾ?" ಅಂದರು. ನನಗೆ ನಂಬಿಕೆ ಬರಲಿಲ್ಲ. ತಟ್ಟೆ ಹತ್ತಿರ ತಂದು ಮೂಸಿದೆ. ಹೌದು, ಮಲ್ಲಿಗೆ ದಂಡೆಯಲ್ಲಿ ಕಟ್ಟುತ್ತಾರಲ್ಲ, ಅದೇ ಮರುಗ. ಬಡಿಸಿದವರನ್ನು ಕೇಳಿದರೆ "ಮಯೋರಾಂಕಾ" ಅಂದರು. ಅವರು ಅದನ್ನು ಬೆಳ್ಳುಳ್ಳಿ ಜೊತೆ ಹಿಟ್ಟಿಗೆ ಹಾಕುತ್ತಾರೆ. ನಾವು ಮುಡಿಯೋದನ್ನು ಇವರು ತಿಂತಾರೆ ಅಂತ ಅಮ್ಮನಿಗೆ ಬಹಳ ಹೊತ್ತು ಬೆರಗು.

ಆಮೇಲೆ ಪಿಂಕಾಸ್ ಸಿನಗಾಗ್. ಇಲ್ಲಿ ನಿಧಾನ ಮಾಡಿ, ದಯವಿಟ್ಟು. ಒಳಗೆ ಬರೀ ಗೋಡೆಗಳು. ಗೋಡೆ ತುಂಬ ಹೆಸರುಗಳು. ನಾಜಿಗಳು ಕೊಂದ ಇಲ್ಲಿನ ಯಹೂದಿಗಳು, ಸುಮಾರು 80,000 ಜನ. ಒಂದೊಂದನ್ನೂ ಕೈಯಿಂದ ಬರೆದಿದ್ದಾರೆ. ಮನೆತನದ ಹೆಸರು ಕೆಂಪಿನಲ್ಲಿ ಒಮ್ಮೆ, ಮುಂದೆ ಆ ಮನೆಯವರ ಹೆಸರುಗಳು, ಹುಟ್ಟಿದ ದಿನಾಂಕ, ಬದುಕಿದ್ದರು ಅಂತ ಗೊತ್ತಿರೋ ಕೊನೆಯ ದಿನಾಂಕ. ಅಮ್ಮ ಒಂದು ಕಡೆ ಬೆರಳಲ್ಲೇ ಲೆಕ್ಕ ಹಾಕುತ್ತಾ ನಿಂತರು. ಆ ಮನೆಯ ಕೊನೆಯ ಹೆಸರಿನ ಎರಡು ದಿನಾಂಕಗಳ ನಡುವೆ ನಾಲ್ಕು ವರ್ಷ. ಕೈ ಕೆಳಗಿಳಿಸಿ, ಹೊರಗೆ ಬರೋವರೆಗೂ ತಂಗಿಯ ಕೈ ಬಿಡಲಿಲ್ಲ. ಪಕ್ಕದ ಸ್ಮಶಾನದಲ್ಲಿ ಸುಮಾರು 12,000 ಕಲ್ಲುಗಳು ಒಂದಕ್ಕೊಂದು ಒರಗಿಕೊಂಡಿವೆ. ಜಾಗ ಸಾಲದೆ ಒಂದರ ಮೇಲೊಂದು ಪದರವಾಗಿ ಹೂಳಿದ್ದಾರೆ. ಅಲ್ಲಿಂದ ಬಂದಮೇಲೆ ಒಂದು ಗಂಟೆ ಎಲ್ಲೂ ಹೋಗಲಿಲ್ಲ, ನದಿ ದಂಡೆಯ ಬೆಂಚಿನ ಮೇಲೆ ಕೂತೆವು.

ಸಂಜೆ ಚೌಕ. 27 ಶಿಲುಬೆಗಳನ್ನು ಜನ ನೋಡದೆ ತುಳಿದುಕೊಂಡು ಹೋಗುತ್ತಿದ್ದರು. ಅಪ್ಪ ಸುತ್ತು ಬಳಸಿ ಆಚೆ ಹೋದರು. ಪಂಚಾಂಗ ಪ್ರಿಯ ಅವರೇ, ಗಡಿಯಾರದ ಮುಂದೆ ನಿಮ್ಮ ಬರಹವನ್ನು ಫೋನಿನಲ್ಲಿ ಓದಿ ಹೇಳಿದೆ. ಅಪ್ಪ ಮೂರು ಸಲ ಓದಿಸಿದರು. ಗ್ರಂಥಾಲಯ, ಸುವರ್ಣ ಬೀದಿ, ದೋಣಿ ಎಲ್ಲ ಬಿಟ್ಟೆವು. ಬೇಜಾರಿಲ್ಲ.

ಬಯಲುಸೀಮೆ

ಓದಿ ಮನಸ್ಸು ತುಂಬಿತು. ನಾವು ಹದಿನಾಲ್ಕು ಜಾಗ ನೋಡಿದ್ದೆವು, ಆ ಶಿಲುಬೆಗಳನ್ನು ನೋಡಿರಲಿಲ್ಲ. ವೆನ್ಸೆಸ್ಲಾಸ್ ಚೌಕಕ್ಕೆ ಹೋದಿರಾ?

ತುಂಗಾತೀರ

ರಾತ್ರಿ ಎಂಟಕ್ಕೆ ಹೋಗಿದ್ದೆವು. ಅಲ್ಲಿ ಬಾಟಾ ಅಂಗಡಿಯ ಗಾಜಿನ ಕಟ್ಟಡ ಕಂಡು ಅಮ್ಮನಿಗೆ ಆಶ್ಚರ್ಯ. ನಮ್ಮ ಶಾಲೆಯ ಶೂ ಎಲ್ಲ ಬಾಟಾದವೇ ಅಲ್ವಾ, ಅದು ನಮ್ಮ ದೇಶದ್ದೇ ಅಂದುಕೊಂಡಿದ್ದರಂತೆ. 1894ರಲ್ಲಿ ಇದೇ ದೇಶದ ಜ್ಲೀನ್ ಊರಿನಲ್ಲಿ ಶುರುವಾದದ್ದು ಅಂತ ಹೇಳಿದೆ.

ಮಳೆಕಾಡು

ಅದೇ ಚೌಕದ ಮೇಲ್ತುದಿಯಲ್ಲಿ, ಮ್ಯೂಸಿಯಂ ಮುಂದೆ, ನೆಲದೊಳಗಿಂದ ಎದ್ದ ಹಾಗಿರೋ ಒಂದು ಶಿಲುಬೆ ಇದೆ. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಬಂದ ಮೇಲೆ ಜನ ಸೋತು ಸುಮ್ಮನಾಗಬಾರದು ಅಂತ ಯಾನ್ ಪಾಲಾಖ್ ಅನ್ನೋ ಇಪ್ಪತ್ತು ವರ್ಷದ ವಿದ್ಯಾರ್ಥಿ 1969ರ ಜನವರಿ 16ರಂದು ಅಲ್ಲೇ ಮೈಗೆ ಬೆಂಕಿ ಹಚ್ಚಿಕೊಂಡ. ಮೂರು ದಿನಕ್ಕೆ ತೀರಿಕೊಂಡ. ಆ ಟ್ಯಾಂಕುಗಳಿಂದಾಗಿ ದೇಶ ಬಿಟ್ಟವರಲ್ಲಿ ಕಾಮಿಲ್ ಜ್ವೆಲೆಬಿಲ್ ಕೂಡ ಒಬ್ಬರು. ತಮಿಳು ವಿದ್ವಾಂಸರು. ಕನ್ನಡವೂ ಸೇರಿದ ದ್ರಾವಿಡ ಭಾಷಾ ಕುಟುಂಬದ ಬಗ್ಗೆ ಜೀವನವಿಡೀ ಕೆಲಸ ಮಾಡಿದವರು. ಮುಂದಿನ ಸಲ ಹೋದಾಗ ಅಲ್ಲಿ ಎರಡು ನಿಮಿಷ ನಿಲ್ಲಿ.

ಕೆರೆದಂಡೆ

ನಾವು ಡಿಸೆಂಬರ್‌ನಲ್ಲಿ ಅತ್ತೆ ಮಾವನ ಜೊತೆ ಹೋಗ್ತಿದ್ದೇವೆ. ಇದೇ ದಾರಿ ಹಿಡಿಯಬಹುದಾ?

ಮಳೆಕಾಡು

ಹಿಡಿಯಬಹುದು. ಕಿಟಕಿ ಕೆಳಗಿನ ತೋಟ ಮಾತ್ರ ಚಳಿಗಾಲಕ್ಕೆ ಮುಚ್ಚಿರುತ್ತೆ, ಮೇಲಿಂದಲೇ ನೋಡಬೇಕು. ನಾಲ್ಕು ಗಂಟೆಗೇ ಕತ್ತಲಾಗುತ್ತೆ, ಬೆಳಗ್ಗೆ ಬೇಗ ಹೊರಡಿ. ಗುಂಡುಕಲ್ಲಿನ ಮೇಲೆ ಮಂಜುಗಡ್ಡೆ ಕಟ್ಟಿದರೆ ಜಾರುತ್ತೆ, ಅತ್ತೆ ಮಾವ ಇಬ್ಬರನ್ನೂ ಟ್ರಾಮ್‌ನಲ್ಲೇ ಕೆಳಗಿಳಿಸಿ.

ಕಿತ್ತಳೆ ತೋಟ

ತುಂಗಾತೀರ ಅವರೇ, ಅಮ್ಮನ ಮಂಡಿ ಹೇಗಿದೆ ಈಗ?

ತುಂಗಾತೀರ

ಒಂದು ದಿನ ಬಿಸಿನೀರಿನ ಶಾಖ ಕೊಟ್ಟೆವು, ಈಗ ಆರಾಮಾಗಿದ್ದಾರೆ. ಬರುವ ಮೊದಲು ಒಂದು ಅಂಗಡಿಯಲ್ಲಿ ಒಣಗಿದ ಮರುಗದ ಪೊಟ್ಟಣ ಕೊಂಡಿದ್ದರು. ನಾಳೆ ಮೊಟ್ಟೆ ಹಾಕದೆ ಆಲೂಗಡ್ಡೆ ರೊಟ್ಟಿ ಮಾಡ್ತಾರಂತೆ. ಅಂಟಿಗೆ ಸ್ವಲ್ಪ ಅಕ್ಕಿಹಿಟ್ಟು ಹಾಕಬೇಕು ಅಂತ ಅವರ ಲೆಕ್ಕ. ಹೇಗೆ ಬಂತು ಅಂತ ಇಲ್ಲೇ ಬರೆಯುತ್ತೇನೆ.